ತುಮಕೂರಿನಿಂದ ಸೈಕಲ್ ಹೊರಟರೆ ಯಾವ ದಾರಿ? ಕೈದಾಳ, ದೇವರಾಯನದುರ್ಗ, ಗುಬ್ಬಿ, ಮಧುಗಿರಿ

ನಮ್ಮ ಪಕ್ಕದ ಬೀದಿಯ ಹುಡುಗ ಹೊಸದಾಗಿ ಗೇರ್ ಸೈಕಲ್ ತಗೊಂಡಿದ್ದಾನೆ. ಸಂಜೆ ಗೇಟಿನ ಹತ್ತಿರ ನಿಂತು ಕೇಳಿದ: "ಅಣ್ಣ, ಭಾನುವಾರಕ್ಕೆ ಒಂದು ರೂಟ್ ಹೇಳಿ. ಮೂವತ್ತು ಕಿಲೋಮೀಟರ್ ಆಗಬೇಕು, ಅಷ್ಟೇ."

ತಕ್ಷಣ ಉತ್ತರ ಕೊಡೋಕೆ ಆಗಲಿಲ್ಲ. ಯಾಕೆಂದರೆ ಹೈವೇ ಮೇಲಿನ ಮೂವತ್ತು ಕಿಲೋಮೀಟರ್ ಬೇರೆ. ದೇವರಾಯನದುರ್ಗದ ಕಾಡಿನ ಮೂವತ್ತು ಬೇರೆ. ಆಷಾಢದ ಗಾಳಿಗೆ ಎದುರಾಗಿ ತುಳಿಯುವ ಮೂವತ್ತಂತೂ ಅರವತ್ತಕ್ಕೆ ಸಮ. ಎಷ್ಟೋ ವರ್ಷದಿಂದ ಈ ಊರಿನ ಸುತ್ತ ಸೈಕಲ್ ತುಳಿಯುತ್ತಿದ್ದೇನೆ. ದೂರವನ್ನು ಕೊನೆಗೆ ಕೇಳಬೇಕು ಅನ್ನುವುದು ನನಗೆ ನಿಧಾನವಾಗಿ ಗೊತ್ತಾಯಿತು. ಮೊದಲು ಕೇಳಬೇಕಾದ್ದು ಬೇರೆ ಇವೆ. ಆ ಹೊತ್ತಿನಲ್ಲಿ ಆ ರಸ್ತೆ ಮೇಲೆ ಇನ್ಯಾರು ಇರುತ್ತಾರೆ? ಗಾಳಿ ಯಾವ ಕಡೆಯದು? ಟೈರ್ ಎಷ್ಟು ದಪ್ಪ? ವಾಪಸ್ ಬರುವಾಗ ಬಿಸಿಲು ಎಷ್ಟಿರುತ್ತೆ?

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಸೈಕಲ್ ತಗೊಂಡವರು ಎರಡೇ ತಿಂಗಳಿಗೆ ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ನಂದಿಬೆಟ್ಟಕ್ಕೆ ಹೊರಡುತ್ತಾರೆ. ನಂದಿ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಬಾಗಿಲಲ್ಲೇ ಇಷ್ಟು ದಾರಿಗಳಿವೆ. ಅವನ್ನು ನೋಡದೆ ಅಷ್ಟು ದೂರ ಹೋಗುವುದು ನನಗೆ ಬೇಜಾರು.

ಮೊದಲ ಭಾನುವಾರಕ್ಕೆ: ಗೂಳೂರು, ಕೈದಾಳ

ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕುಣಿಗಲ್ ರಸ್ತೆ ಹಿಡಿದರೆ ಐದಾರು ಕಿಲೋಮೀಟರಿಗೆ ಗೂಳೂರು. ದೀಪಾವಳಿ ಹೊತ್ತಿಗೆ ದೊಡ್ಡ ಮಣ್ಣಿನ ಗಣಪ ಕೂರುವ ಊರು ಇದೇ. ಅಲ್ಲಿಂದ ಒಳಗೆ ತಿರುಗಿದರೆ ಸ್ವಲ್ಪ ದೂರಕ್ಕೆ ಕೈದಾಳ. ದೊಡ್ಡ ಏರು ಇಲ್ಲ, ಕಾಲಿಗೆ ಭಾರ ಇಲ್ಲ. ಹೋಗಿ ಬಂದರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು.

ಆದರೆ ಮುಖ್ಯ ರಸ್ತೆಯ ಆ ಮೊದಲ ತುಂಡಿನಲ್ಲಿ ಹುಷಾರಾಗಿರಬೇಕು. ಬಸ್ಸುಗಳು ಜೋರಾಗಿ ಬರುತ್ತವೆ. ಬೆಳಿಗ್ಗೆ ಆರಕ್ಕೆ ಹೊರಟರೆ ಏನೂ ತೊಂದರೆ ಇಲ್ಲ, ಎಂಟೂವರೆ ಆದ ಮೇಲೆ ಆ ರಸ್ತೆ ಸೈಕಲ್ಲಿನವರದ್ದಲ್ಲ. ಒಳಗೆ ತಿರುಗಿದ ಮೇಲೆ ಬೇರೆಯದೇ ಲೋಕ. ಎರಡೂ ಕಡೆ ತೆಂಗು, ಅಡಿಕೆ. ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್‌ಗಳು. ಎದುರಿಗೆ ಬಂದವರು "ಎಲ್ಲಿಂದ ಸಾರ್?" ಅಂತ ಕೇಳದೆ ಬಿಡುವುದಿಲ್ಲ.

ಕೈದಾಳದ ಚೆನ್ನಕೇಶವ ದೇವಸ್ಥಾನ 1150ರ ಸುಮಾರಿನದು, ಹೊಯ್ಸಳರ ಕಾಲದ್ದು. ಜಕಣಾಚಾರಿ ತನ್ನ ಕೈ ಕತ್ತರಿಸಿಕೊಂಡ, ಈ ಮೂರ್ತಿ ಕಡೆದ ಮೇಲೆ ಕೈ ಮತ್ತೆ ಬಂತು, ಅದಕ್ಕೇ ಊರಿಗೆ ಈ ಹೆಸರು ಅನ್ನುವ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ನನಗೆ ಅಲ್ಲಿ ಇಷ್ಟವಾಗುವುದು ಬೆಳಗಿನ ಹೊತ್ತು ಆ ಕಲ್ಲಿನ ಜಗಲಿ. ಬೆವರಿದ ಬೆನ್ನು ಕಂಬಕ್ಕೆ ತಾಗಿಸಿ ಕೂತರೆ ಕಲ್ಲಿನ ತಂಪು ಅಂಗಿ ದಾಟಿ ಒಳಗೆ ಇಳಿಯುತ್ತದೆ. ಪಕ್ಕದಲ್ಲೇ ಗಂಗಾಧರೇಶ್ವರನ ಗುಡಿಯೂ ಇದೆ. ಹತ್ತು ನಿಮಿಷ ಕೂತು, ನೀರು ಕುಡಿದು ಹೊರಡಿ.

ಯಾರಿಗೆ ಇದು ಸಾಲದು? ವಾರಕ್ಕೆ ಮೂರು ದಿನ ತುಳಿಯುವವರಿಗೆ. ಅವರು ಕುಣಿಗಲ್ ರಸ್ತೆಯಲ್ಲೇ ಹೆಬ್ಬೂರಿನ ತನಕ ಹೋಗಬಹುದು. ಆದರೆ ಆ ದಾರಿಯನ್ನು ನಾನು ಅಷ್ಟಾಗಿ ಹೇಳುವುದಿಲ್ಲ. ರಸ್ತೆ ಚೆನ್ನಾಗಿದ್ದಷ್ಟೂ ಗಾಡಿಗಳ ವೇಗ ಜಾಸ್ತಿ.

ಏರು ಬೇಕೆನ್ನುವವರಿಗೆ: ದೇವರಾಯನದುರ್ಗ

ನನ್ನನ್ನು ಕೇಳಿದರೆ ತುಮಕೂರಿನ ಸೈಕಲ್ ದಾರಿಗಳಲ್ಲಿ ಎಲ್ಲಕ್ಕಿಂತ ಮೇಲು ಇದೇ. ಊರಿನಿಂದ ಬೆಳಗುಂಬ ದಾಟಿ, ನಾಮದ ಚಿಲುಮೆ ಮೇಲೆ ಹೋದರೆ ಬೆಟ್ಟಕ್ಕೆ ಸುಮಾರು ಹದಿನೈದು ಕಿಲೋಮೀಟರ್. ಊರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ಬೆಟ್ಟದ ನೆತ್ತಿ 1200ರ ಆಸುಪಾಸು. ಅಂದರೆ ಹೆಚ್ಚುಕಮ್ಮಿ 380 ಮೀಟರ್ ಮೇಲಕ್ಕೆ. 1478 ಮೀಟರಿನ ನಂದಿಗೆ ಹೋಲಿಸಿದರೆ ಚಿಕ್ಕದು ನಿಜ. ಆದರೆ ಇಲ್ಲಿ ಕಾರಿಲ್ಲದೆ, ಪೆಟ್ರೋಲ್ ಇಲ್ಲದೆ, ಮನೆಯ ಗೇಟಿನಿಂದಲೇ ಶುರು ಮಾಡಬಹುದು ಅಲ್ವಾ?

ಈ ದಾರಿಯ ಒಳ್ಳೆಯ ಗುಣ ಅಂದರೆ ಅದು ಒಮ್ಮೆಗೇ ಮೇಲೆ ಬೀಳುವುದಿಲ್ಲ. ಮೊದಲು ಊರು ಬಿಡುವ ತನಕ ಕೈಕಾಲು ಸಡಿಲವಾಗುತ್ತವೆ. ಆಮೇಲೆ ಕಾಡು ಶುರು. ಗೊತ್ತೇ ಆಗದ ಹಾಗೆ ಏರು, ಸ್ವಲ್ಪ ಇಳಿಜಾರು, ಮತ್ತೆ ಏರು. ನಾಮದ ಚಿಲುಮೆಯ ಹತ್ತಿರ ನಿಲ್ಲಿ. ರಾಮ ಹಣೆಗೆ ನಾಮ ಇಟ್ಟುಕೊಳ್ಳೋಕೆ ನೀರು ಸಿಗದೆ ಬಾಣ ಬಿಟ್ಟ, ಬಂಡೆಯಿಂದ ನೀರು ಚಿಮ್ಮಿತು ಅನ್ನುವ ಜಾಗ. ಪಕ್ಕದಲ್ಲಿ ಜಿಂಕೆಗಳ ಬೇಲಿ. ನಿಜವಾದ ಏರು ಇರುವುದು ಇದರ ಮುಂದೆ. ಒಂದು ಬಾಳೆಹಣ್ಣು ಇಲ್ಲೇ ತಿಂದುಬಿಡಿ, ಮೇಲೆ ಹೋಗಿ ತಿಂದರೆ ತಡವಾಯಿತು.

ಕೊನೆಯ ತುಂಡು ಭೋಗ ನರಸಿಂಹನ ಗುಡಿಯಿಂದ ಯೋಗ ನರಸಿಂಹನ ಕಡೆಗೆ. ಇಲ್ಲಿ ತಿರುವುಗಳು ಕಡಿದು. ಹೊಸಬರು ಮಾಡುವ ತಪ್ಪು ಒಂದೇ: ಏರು ಕಂಡ ತಕ್ಷಣ ಎದ್ದು ನಿಂತು ತುಳಿಯುವುದು. ಅರ್ಧ ನಿಮಿಷಕ್ಕೆ ಉಸಿರು ಹೋಗುತ್ತದೆ. ಏರು ಬರುವ ಮುಂಚೆಯೇ ಮುಂದಿನ ಚಿಕ್ಕ ಚಕ್ರ, ಹಿಂದಿನ ದೊಡ್ಡ ಚಕ್ರಕ್ಕೆ ಚೈನ್ ಬೀಳಿಸಿಕೊಳ್ಳಿ. ಏರಿನ ಮಧ್ಯೆ ಒತ್ತಡದಲ್ಲಿ ಗೇರ್ ಬದಲಾಯಿಸಿದರೆ ಚೈನ್ ಕಳಚುತ್ತದೆ. ಕೂತೇ ತುಳಿಯಿರಿ. ಪಕ್ಕದವರ ಜೊತೆ ಒಂದೆರಡು ಮಾತಾಡುವಷ್ಟು ಉಸಿರು ಉಳಿದಿರಬೇಕು. ಅದು ಸರಿಯಾದ ವೇಗ. ತಿರುವಿನಲ್ಲಿ ಒಳಗಿನ ಅಂಚು ಯಾವಾಗಲೂ ಜಾಸ್ತಿ ಕಡಿದು. ಎದುರಿಗೆ ಗಾಡಿ ಇಲ್ಲ ಅಂತ ಖಾತ್ರಿಯಾದರೆ ಎಡಗಡೆಯ ತಿರುವನ್ನು ಸ್ವಲ್ಪ ಅಗಲವಾಗಿ ತಗೊಳ್ಳಿ, ಕಾಲಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಇಳಿಯುವಾಗ ಇನ್ನೂ ಹುಷಾರು. ಎರಡೂ ಬ್ರೇಕನ್ನು ತಿರುವಿಗೆ ಮುಂಚೆ ಹಿಡಿಯಿರಿ, ತಿರುವಿನಲ್ಲಿ ಬಿಡಿ. ಉದ್ದಕ್ಕೂ ಹಿಡಿದುಕೊಂಡೇ ಇಳಿದರೆ ರಿಮ್ ಕಾದು ಬಿಸಿಯಾಗುತ್ತದೆ. ತಿರುವುಗಳಲ್ಲಿ ಜಲ್ಲಿ ಬಿದ್ದಿರುತ್ತದೆ. ಕೋತಿಗಳಂತೂ ರಸ್ತೆ ತಮ್ಮದೇ ಅನ್ನುವ ಹಾಗೆ ಕೂತಿರುತ್ತವೆ. ಹ್ಯಾಂಡಲ್‌ನಲ್ಲಿ ಪ್ಲಾಸ್ಟಿಕ್ ಚೀಲ ತೂಗುಹಾಕಬೇಡಿ. ಒಳಗೆ ಏನೂ ಇಲ್ಲದಿದ್ದರೂ ಕಿತ್ತುಕೊಳ್ಳುತ್ತವೆ.

ಹೊತ್ತು ಯಾವುದು? ಬೆಳಕಾದ ಮೇಲೆಯೇ ಕಾಡಿಗೆ ಕಾಲಿಡಿ. ಇಲ್ಲಿ ಚಿರತೆ, ಕರಡಿ ಎರಡೂ ಇವೆ. ಜೂನ್‌ನಲ್ಲಿ ಆರರ ಒಳಗೆ ಸೂರ್ಯ ಬರುತ್ತಾನೆ, ಜನವರಿಯಲ್ಲಿ ಆರು ಮುಕ್ಕಾಲಾಗುತ್ತದೆ. ಇನ್ನು ಶನಿವಾರ, ಭಾನುವಾರ ಒಂಬತ್ತರ ಮೇಲೆ ಕಾರುಗಳ ಸಾಲು. ಜಾತ್ರೆಯ ದಿನಗಳಲ್ಲಿ ಅಂತೂ ಸೈಕಲ್ ಬೇಡವೇ ಬೇಡ. ಎಷ್ಟೋ ಜನ ವಾರದ ಮಧ್ಯೆ ಒಂದು ದಿನ ರಜೆ ಹಾಕಿ ದುರ್ಗಕ್ಕೆ ಹೋಗುತ್ತಾರೆ. ನಾನೂ ಹೋಗುತ್ತೇನೆ. ಮಳೆ ನಿಂತ ಮೇಲೆ, ಅಕ್ಟೋಬರಿನ ಒಂದು ಬುಧವಾರ ಬೆಳಿಗ್ಗೆ ಈ ಕಾಡಿನಲ್ಲಿ ನಿಮ್ಮ ಚೈನಿನ ಸದ್ದು ಬಿಟ್ಟರೆ ಹಕ್ಕಿಗಳದ್ದೇ ಸದ್ದು.

ವಾಪಸ್ ಬರೋಕೆ ಎರಡು ದಾರಿ. ಹೋದ ದಾರಿಯಲ್ಲೇ ಬರುವುದು ಒಂದು. ಆಚೆ ಬದಿ ಊರ್ಡಿಗೆರೆ ಕಡೆ ಇಳಿದು, ಡಾಬಸ್‌ಪೇಟೆ ತಲುಪಿ, ಹೈವೇ ಹಿಡಿದು ಬರುವುದು ಇನ್ನೊಂದು. ಎರಡನೆಯದು ಸುತ್ತು, ಒಟ್ಟು ಐವತ್ತು ಕಿಲೋಮೀಟರ್ ದಾಟುತ್ತದೆ. ಊರ್ಡಿಗೆರೆಯ ತುಂಡು ಸೊಗಸು. ಡಾಬಸ್‌ಪೇಟೆಯಿಂದ ಈಚೆಗಿನ ಹೈವೇ ಸುಮ್ನೆ ತಲೆನೋವು. ಲಾರಿ, ಧೂಳು, ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕುಗಳು. ಒಂದೇ ಒಂದು ಸಮಾಧಾನ ಕ್ಯಾತಸಂದ್ರದ ತಟ್ಟೆ ಇಡ್ಲಿ. ಅಷ್ಟು ತುಳಿದು ಬಂದು, ಬಿಸಿ ಇಡ್ಲಿ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತಾ ಕೂರುವ ಸುಖಕ್ಕಾಗಿ ನಾನು ತಿಂಗಳಿಗೊಮ್ಮೆ ಆ ಹೈವೇಯನ್ನೂ ಸಹಿಸುತ್ತೇನೆ. ಆದರೆ ಹಿಂದೆ ಕೆಂಪು ಲೈಟ್ ಇಲ್ಲದೆ, ಹೆಲ್ಮೆಟ್ ಇಲ್ಲದೆ ಆ ರಸ್ತೆಗೆ ಯಾರೂ ಇಳಿಯಬಾರದು, ಹಗಲಾದರೂ ಸರಿ.

ಗಾಳಿ ನೋಡಿ ಹೋಗುವ ದಾರಿ: ಗುಬ್ಬಿ

ನಮ್ಮೂರ ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಅದರಲ್ಲೇ ಪಶ್ಚಿಮಕ್ಕೆ ಹೋದರೆ ಸುಮಾರು ಇಪ್ಪತ್ತು ಕಿಲೋಮೀಟರಿಗೆ ಗುಬ್ಬಿ. ನೋಡೋಕೆ ದುರ್ಗದಷ್ಟು ಚೆಂದ ಇಲ್ಲ. ಹೈವೇ ಹೈವೇಯೇ. ಹಾಗಿದ್ದರೂ ಪಟ್ಟಿಯಲ್ಲಿ ಯಾಕೆ ಇಟ್ಟೆ ಅಂದರೆ, ಗಾಳಿಯಿಂದ.

ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕಡೆ ಗಾಳಿ ಬೀಸುವುದು ಪಶ್ಚಿಮದ ಕಡೆಯಿಂದ. ಬೆಳಿಗ್ಗೆ ಅದು ಮೆತ್ತಗಿರುತ್ತದೆ, ಬಿಸಿಲೇರಿದ ಹಾಗೆ ಜೋರಾಗುತ್ತದೆ. ಈಗ ಲೆಕ್ಕ ಹಾಕಿ. ಬೆಳಿಗ್ಗೆ ಗುಬ್ಬಿಗೆ ಹೊರಟರೆ ಗಾಳಿ ಎದುರಿಗೆ, ಆದರೆ ಮೆತ್ತಗೆ. ಕಾಲಿನಲ್ಲಿ ಇನ್ನೂ ಕಸುವಿದೆ. ವಾಪಸ್ ಬರುವಾಗ ಸುಸ್ತಾಗಿರುತ್ತೀರಿ, ಆಗ ಜೋರು ಗಾಳಿ ಬೆನ್ನಿಗೆ. ದುರ್ಗಕ್ಕೆ ಹೋದರೆ ಇದೆಲ್ಲ ತಲೆಕೆಳಗು. ಅದು ಪೂರ್ವಕ್ಕಿದೆ. ಹೋಗುವಾಗ ಗಾಳಿ ತಳ್ಳುತ್ತದೆ, ಬೆಟ್ಟ ಹತ್ತಿ ಇಳಿದ ಮೇಲೆ ಎದೆಗೆ ಗುದ್ದುತ್ತದೆ. ಅದಕ್ಕೇ ಆಷಾಢದಲ್ಲಿ ಪಶ್ಚಿಮ, ಚಳಿಗಾಲದಲ್ಲಿ ಪೂರ್ವ ಅನ್ನುವುದು ನನ್ನ ರೂಢಿ. ಚಳಿಗಾಲದ ಗಾಳಿ ಮೂಡಣದಿಂದ ಬರುತ್ತದೆ, ದುರ್ಗದಿಂದ ಮನೆಗೆ ಬರುವಾಗ ಅದು ಜೊತೆಗಿರುತ್ತದೆ.

ಗುಬ್ಬಿ ರಸ್ತೆಯಲ್ಲಿ ಪೂರ್ತಿ ಹೈವೇಯಲ್ಲೇ ಹೋಗಬೇಕಿಲ್ಲ. ಎಡಕ್ಕೂ ಬಲಕ್ಕೂ ತೋಟಗಳ ನಡುವೆ ಹಳ್ಳಿ ರಸ್ತೆಗಳು ಒಡೆಯುತ್ತವೆ. ಅವನ್ನು ಹುಡುಕುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

ದಿನವಿಡೀ ತುಳಿಯುವವರಿಗೆ: ಕೊರಟಗೆರೆ, ಮಧುಗಿರಿ

ಉತ್ತರಕ್ಕೆ ಕೊರಟಗೆರೆ ಇಪ್ಪತ್ತಾರು ಕಿಲೋಮೀಟರ್ ಸುಮಾರಿಗೆ, ಮಧುಗಿರಿ ನಲವತ್ತಮೂರಕ್ಕೆ. ಹೋಗಿ ಬಂದರೆ ಎಂಬತ್ತೈದು. ಇದು ಹೊಸಬರ ದಾರಿ ಅಲ್ಲ. 200 ಕಿಲೋಮೀಟರಿನ ಬ್ರೆವೆ (ಗೊತ್ತಾದ ಹೊತ್ತಿನೊಳಗೆ ಮುಗಿಸುವ ದೂರದ ಸೈಕಲ್ ಸವಾರಿ) ಮಾಡಬೇಕು, ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು ಅನ್ನುವ ಆಸೆ ಇದ್ದವರು ಇಲ್ಲಿ ಅಭ್ಯಾಸ ಮಾಡಬೇಕು. ದೂರಕ್ಕಿಂತ ಇಲ್ಲಿ ಪರೀಕ್ಷೆ ಮಾಡುವುದು ಬಿಸಿಲು. ಕೊರಟಗೆರೆ ದಾಟಿದ ಮೇಲೆ ನೆರಳು ಕಮ್ಮಿ, ಬಂಡೆಗಳು ಜಾಸ್ತಿ. ಫೆಬ್ರವರಿ ಮುಗಿದ ಮೇಲೆ ಈ ಕಡೆ ತಲೆ ಹಾಕಬೇಡಿ. ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ನೀರು ಲೆಕ್ಕ ಇಟ್ಟುಕೊಳ್ಳಿ, ಅದರಲ್ಲಿ ಒಂದು ಬಾಟಲಿಗೆ ಚಿಟಿಕೆ ಉಪ್ಪು, ಸಕ್ಕರೆ, ನಿಂಬೆ.

ಆದರೂ ಒಮ್ಮೆ ಹೋಗಲೇಬೇಕು. ದುರ್ಗದಲ್ಲಿ ಹುಟ್ಟುವ ಜಯಮಂಗಲಿ ಈ ಕಡೆಗೇ ಹರಿದು ಬರುತ್ತದೆ. ನಾನು ದುರ್ಗ ಹತ್ತಿದ ಮುಂದಿನ ವಾರ ಕೊರಟಗೆರೆ ದಾರಿಯಲ್ಲಿ ಹೋದಾಗ, ಮೊನ್ನೆ ಮೇಲಿಂದ ನೋಡಿದ ಬಯಲು ಇದೇ ಅಲ್ವಾ ಅಂತ ಅನ್ನಿಸಿ ಖುಷಿಯಾಯಿತು. ಮಧುಗಿರಿ ಹತ್ತಿರವಾದ ಹಾಗೆ ಏಕಶಿಲೆಯ ಆ ಬೆಟ್ಟ ಎದ್ದು ನಿಲ್ಲುತ್ತದೆ. ಕಾರಿನಲ್ಲಿ ಹೋದರೆ ಒಂದು ತಿರುವಿನಲ್ಲಿ ಕಂಡು ಮುಗಿಯುತ್ತದೆ. ಸೈಕಲ್ ಮೇಲೆ ಬಹಳ ಹೊತ್ತು ಅದು ಎದುರಿಗೇ ಇರುತ್ತದೆ, ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತಾ.

ನಡುವಿನ ಆಯ್ಕೆ ಬೇಕಾದರೆ ಕೊರಟಗೆರೆಯಿಂದಲೇ ವಾಪಸ್ ಬನ್ನಿ. ಐವತ್ತು ಚಿಲ್ಲರೆ ಕಿಲೋಮೀಟರ್, ಹತ್ತರ ಒಳಗೆ ಮನೆ.

ಇವಿಷ್ಟೇ ಅಲ್ಲ. ಪಂಡಿತನಹಳ್ಳಿಯ ಬಸದಿಬೆಟ್ಟಕ್ಕೂ ಹೋಗಬಹುದು. ಹತ್ತು ಕಿಲೋಮೀಟರ್ ಚಿಲ್ಲರೆ. ಮೆಟ್ಟಿಲು ಹತ್ತಿದರೆ ಮೈದಾಳ ಕೆರೆ ಕಾಣುತ್ತದೆ, ಕೆಳಗೆ ಜೈನ ಮುನಿಗಳು ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದ ಮಂದಿರ. ಮಕ್ಕಳ ಜೊತೆ ಹೋಗೋಕೆ ಒಳ್ಳೆಯದು, ಆದರೆ ಸ್ವಲ್ಪ ದೂರ ಹೈವೇ ದಾಟಬೇಕು. ಇನ್ನು ಅಮಾನಿಕೆರೆಯ ದಾರಿ ನಡೆಯುವವರದ್ದು. ಅಲ್ಲಿ ಅಜ್ಜ ಅಜ್ಜಿಯರ ನಡುವೆ ವೇಗದ ಸೈಕಲ್ ಬೇಡ.

ನಿಮ್ಮದೇ ದಾರಿ ಹುಡುಕುವುದು

ಒಳ್ಳೆಯ ದಾರಿಗಳಿಗೆ ಹೆಸರಿರುವುದಿಲ್ಲ. ಅವನ್ನು ಹುಡುಕಿಕೊಳ್ಳಬೇಕು. ಮೊದಲ ಗುರುತು ಮೈಲಿಗಲ್ಲು. ಕಲ್ಲಿನ ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ. ಹಸಿರಾದರೆ ರಾಜ್ಯ ಹೆದ್ದಾರಿ. ಕಪ್ಪು ಅಥವಾ ನೀಲಿಯಾದರೆ ಜಿಲ್ಲಾ ರಸ್ತೆ. ಕಿತ್ತಳೆ ಬಣ್ಣವಾದರೆ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ನಮಗೆ ಬೇಕಾದ್ದು ಈ ಕಿತ್ತಳೆ ತಲೆ. ಆ ಡಾಂಬರು ಸಾಮಾನ್ಯವಾಗಿ 3.75 ಮೀಟರ್ ಅಗಲ, ಅಂದರೆ ಒಂದು ಗಾಡಿಯ ಅಗಲ. ಅಲ್ಲಿ ಲಾರಿ ಓಡಿಸುವವನೂ ನಿಧಾನ ಹೋಗಲೇಬೇಕು.

ಎರಡನೆಯ ಗುರುತು ಹಾಲಿನ ಡೇರಿ. ಡೇರಿ ಇರುವ ಊರಿಗೆ ದಿನಾ ಹಾಲಿನ ಗಾಡಿ ಬರಬೇಕು. ಹಾಗಾಗಿ ಮಳೆಗಾಲದಲ್ಲೂ ಆ ರಸ್ತೆ ಓಡಾಡುವ ಹಾಗೆ ಇರುತ್ತದೆ. ಮೊಬೈಲಿನ ಮ್ಯಾಪ್‌ನಲ್ಲಿ ಸ್ಯಾಟಲೈಟ್ ಚಿತ್ರ ಹಾಕಿ ನೋಡಿ. ಬೂದು ಬಣ್ಣ ಡಾಂಬರು, ಕೆಂಪು ಬಣ್ಣ ಮಣ್ಣು. ಸೈಕಲ್ ಓಡಾಟ ದಾಖಲಿಸುವ ಸ್ಟ್ರಾವಾ ಆಪಿನ ಹೀಟ್‌ಮ್ಯಾಪ್‌ನಲ್ಲಿ ಗೆರೆ ಹೊಳೆಯುತ್ತಿದ್ದರೆ ಬೇರೆ ಸೈಕಲ್ಲಿನವರು ಅಲ್ಲಿ ಓಡಾಡಿದ್ದಾರೆ ಅಂತ ಅರ್ಥ. ಆದರೆ ನಮ್ಮ ಕಡೆ ಗೆರೆ ಮಂಕಾಗಿದ್ದ ಮಾತ್ರಕ್ಕೆ ರಸ್ತೆ ಕೆಟ್ಟದ್ದು ಅಂದುಕೊಳ್ಳಬೇಡಿ. ಯಾರೂ ಇನ್ನೂ ಹೋಗಿಲ್ಲ, ಅಷ್ಟೇ.

ಟೈರಿನ ಮಾತು. 25 ಮಿಲಿಮೀಟರ್ ಟೈರಿನ ರೋಡ್ ಬೈಕ್ ಹೈವೇಗೆ, ದುರ್ಗಕ್ಕೆ ಸಾಕು. ಹಳ್ಳಿ ರಸ್ತೆಗೆ 28 ಒಳ್ಳೆಯದು, 32 ಇನ್ನೂ ಒಳ್ಳೆಯದು. ಹೊಸದಾಗಿ ತಗೊಳ್ಳುವವರು 32 ಮಿಲಿಮೀಟರ್ ಹಿಡಿಸುವ ಫ್ರೇಮ್ ಕೇಳಿ. ಹೈಬ್ರಿಡ್ (ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನ ಸೈಕಲ್) ಇದ್ದವರು ನನಗೆ ರೋಡ್ ಬೈಕ್ ಇಲ್ಲವಲ್ಲ ಅಂತ ಕೊರಗಬೇಕಿಲ್ಲ. ಈ ಜಿಲ್ಲೆಯ ಒಳರಸ್ತೆಗಳಿಗೆ ಹೈಬ್ರಿಡ್ ಹೇಳಿ ಮಾಡಿಸಿದ ಹಾಗಿದೆ.

ಒಳರಸ್ತೆಗಳಿಗೂ ಅವುಗಳದ್ದೇ ಕಾಟಗಳಿವೆ. ಜಾಲಿ ಮುಳ್ಳು ಮೊದಲನೆಯದು. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳು ಆಡಿಸಿ ಮುಳ್ಳಿನ ಮೊನೆ ಹುಡುಕಿ ತೆಗೆಯಿರಿ. ಇಲ್ಲದಿದ್ದರೆ ಅದೇ ಮುಳ್ಳು ಹೊಸ ಟ್ಯೂಬನ್ನೂ ಚುಚ್ಚುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆಯಿರಿ. ಓಡುವುದು ನಿಂತರೆ ಬಹಳಷ್ಟು ನಾಯಿಗಳ ಸಿಟ್ಟೂ ಇಳಿಯುತ್ತದೆ.

ಮೂರನೆಯದನ್ನು ನಾನು ಬಿದ್ದು ಕಲಿತೆ. ಅದು ಜನವರಿಯ ಮೊದಲ ವಾರ. ಗುಬ್ಬಿ ಕಡೆಯ ಒಂದು ಹಳ್ಳಿ ರಸ್ತೆಯಲ್ಲಿ ರೈತರು ರಾಗಿ ತೆನೆ ಹರಡಿದ್ದರು. ಗಾಡಿಗಳು ಅದರ ಮೇಲೆ ಓಡಾಡಿದರೆ ಒಕ್ಕಣೆ ಆಗುತ್ತದೆ. ಮೆತ್ತಗಿದೆ, ಹೋಗಬಹುದು ಅಂತ ನೇರ ನುಗ್ಗಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಹುಲ್ಲು ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ಡಿರೈಲರ್‌ಗೆ ಸುತ್ತಿಕೊಂಡಿತು. ಪೆಡಲ್ ಗಕ್ಕನೆ ನಿಂತಿತು, ಮುಂದಿನ ಚಕ್ರ ಜಾರಿತು, ಮೊಣಕೈ ಮೇಲೆ ಬಿದ್ದೆ. ಅಲ್ಲಿದ್ದ ಅಜ್ಜಿ ಓಡಿ ಬಂದು, ಗಾಯಕ್ಕೆ ನೀರು ಹಾಕಿ, ಕುಡುಗೋಲಿನ ತುದಿಯಲ್ಲಿ ಚಕ್ರದ ಹಲ್ಲುಗಳ ಸಂದಿನಿಂದ ಒಂದೊಂದೇ ಹುಲ್ಲು ಬಿಡಿಸಿ ಕೊಟ್ಟಳು. ಹೊರಡುವಾಗ "ಇಳಿದು ತಳ್ಕೊಂಡು ಹೋಗಪ್ಪ, ಒಕ್ಕಣೆ ಮೇಲೆ ಹತ್ತಬಾರದು" ಅಂದಳು. ಅವತ್ತಿನಿಂದ ಇವತ್ತಿನವರೆಗೆ ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿ ಕಂಡಲ್ಲೆಲ್ಲ ಇಳಿದು ತಳ್ಳುತ್ತೇನೆ. ಅದು ಅವರ ವರ್ಷದ ಅನ್ನ ಕೂಡ.

ಪಕ್ಕದ ಬೀದಿಯ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು. ಮೊದಲ ಎರಡು ಭಾನುವಾರ ಕೈದಾಳ. ಮೂರನೆಯದು ನಾಮದ ಚಿಲುಮೆಯ ತನಕ, ಅಲ್ಲಿಂದ ವಾಪಸ್. ಉಸಿರು ಹದಕ್ಕೆ ಬಂದ ಮೇಲೆ ದುರ್ಗದ ನೆತ್ತಿ. ಮಧುಗಿರಿ ಡಿಸೆಂಬರಿಗೆ ಇರಲಿ. ನಾಡಿದ್ದು ಬೆಳಿಗ್ಗೆ ಆರಕ್ಕೆ ಟೌನ್‌ಹಾಲ್ ಸರ್ಕಲ್‌ನಲ್ಲಿ ಸಿಗುತ್ತೇನೆ ಅಂದಿದ್ದೇನೆ. ಒಂದು ಟ್ಯೂಬ್ ಜಾಸ್ತಿ ಇಟ್ಟುಕೊಳ್ಳುತ್ತೇನೆ, ಅವನ ಅಳತೆಯದು.